ಯಾರಿಗೂ ಹೇಳದೆ ಬರುವ ಹಲ್ಲು

ನಮ್ಮ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಮನೆಯ ಮಾಡಿನ ಮೇಲೆ ಎಸೆಯುವ ವಾಡಿಕೆಯಿದೆ. ನಾನು ಹುಟ್ಟಿ ಬೆಳೆದ ಪಾವಗಡದ ಮನೆಯಲ್ಲಿ ಮಾಡೂ ಇತ್ತು, ಸಗಣಿಯೂ ಇತ್ತು; ಈಗ ನಾವಿರುವ ತುಮಕೂರಿನ ಬಾಡಿಗೆ ಮನೆಯಲ್ಲಿ ಎರಡೂ ಇಲ್ಲ. ಆದರೂ ಮಗಳ ಮೊದಲ ಹಲ್ಲು ಬಿದ್ದ ದಿನ ಅವಳ ಅಜ್ಜಿ ಸುಮ್ಮನಿರಲಿಲ್ಲ. ಹಾಲಿನವರ ಮನೆಯಿಂದ ಒಂದು ಹಿಡಿ ಸಗಣಿ ತರಿಸಿ, ಅಕ್ಕಿಕಾಳಿಗಿಂತ ತುಸು ದೊಡ್ಡದಿದ್ದ ಆ ಹಲ್ಲನ್ನು ಅದರಲ್ಲಿ ಮುಚ್ಚಿ, ಮೊಮ್ಮಗಳನ್ನು ತಾರಸಿಗೆ ಕರೆದೊಯ್ದು ನೀರಿನ ಟ್ಯಾಂಕಿನ ಮೇಲಕ್ಕೆ ಎಸೆಯಿಸಿದರು. ನಾವು ಫೋಟೋ ತೆಗೆದೆವು, ಊರಿನವರಿಗೆಲ್ಲ ಕಳುಹಿಸಿದೆವು. ಅದೇ ತಿಂಗಳುಗಳಲ್ಲಿ ಅವಳ ಬಾಯಿಯ ತೀರ ಹಿಂಭಾಗದಲ್ಲಿ, ಯಾವ ಹಲ್ಲೂ ಬೀಳದೆ, ಹೇಳಿಕೊಳ್ಳುವಂಥ ನೋವೂ ಇಲ್ಲದೆ, ನಾಲ್ಕು ಹೊಸ ಹಲ್ಲುಗಳು ಹುಟ್ಟುತ್ತಿದ್ದವು. ಅವುಗಳನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಎರಡೂವರೆ ವರ್ಷದ ಬಳಿಕ ಅವುಗಳಲ್ಲೊಂದು ಹುಳುಕಾಗಿ ನೋಯತೊಡಗಿದಾಗಲೇ ಅಂಥದೊಂದು ಹಲ್ಲು ಅಲ್ಲಿದೆಯೆಂಬುದು ನನಗೆ ತಿಳಿದದ್ದು.

ಅಂದು ಮಕ್ಕಳ ದಂತವೈದ್ಯರ ಎದುರು ನಾನು ಆಡಿದ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. "ಹೇಗಿದ್ದರೂ ಬೀಳುವ ಹಲ್ಲಲ್ಲವೇ ಡಾಕ್ಟ್ರೇ, ಅದಕ್ಕೇಕೆ ಇಷ್ಟೊಂದು ಚಿಕಿತ್ಸೆ?" ಎಂದು ಕೇಳಿದ್ದೆ. ಅವರು ಕೈಗವಸು ತೆಗೆಯುತ್ತಾ, "ಇದು ಬೀಳುವ ಹಲ್ಲಲ್ಲಮ್ಮ, ಅವಳು ನಿಮ್ಮ ವಯಸ್ಸಿಗೆ ಬಂದಾಗಲೂ ಇರಬೇಕಾದ ಹಲ್ಲು" ಎಂದರು. ಎಂಟೂವರೆ ವರ್ಷದ ಮಗುವಿನ ಬಾಯಲ್ಲಿರುವುದೆಲ್ಲ ಹಾಲುಹಲ್ಲೇ ಎಂದು ನಂಬಿದ್ದ ನನಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ವಿಚಾರಿಸಿದಾಗ ನನ್ನ ಓರಗೆಯ ತಾಯಂದಿರಲ್ಲಿ ಹೆಚ್ಚಿನವರ ತಿಳಿವಳಿಕೆಯೂ ಇಷ್ಟೇ ಎಂಬುದು ಗೊತ್ತಾಯಿತು. ಹೇಳದೆ ಬರುವ ಆ ದವಡೆಹಲ್ಲನ್ನೂ, ಅದನ್ನು ಹುಳುಕಿನಿಂದ ಕಾಯುವ ಸೀಲೆಂಟ್ ಎಂಬ ಲೇಪವನ್ನೂ ಕುರಿತ ಈ ಬರಹವನ್ನು ಬರೆಯುತ್ತಿರುವುದು ಅವರಿಗಾಗಿ. ಅದರಲ್ಲಿಯೂ ಮನೆಯಲ್ಲಿ ಐದರಿಂದ ಏಳು ವರ್ಷದ ಮಗುವಿರುವವರಿಗಾಗಿ.

ಮೊದಲ ಶಾಶ್ವತ ದವಡೆಹಲ್ಲು ಸಾಮಾನ್ಯವಾಗಿ ಆರನೆಯ ವಯಸ್ಸಿನ ಸುಮಾರಿಗೆ, ಹಾಲುಹಲ್ಲುಗಳ ಸಾಲಿನ ಕೊನೆಯಲ್ಲಿ, ಮೇಲೆ ಎರಡು ಕೆಳಗೆ ಎರಡರಂತೆ ಹುಟ್ಟುತ್ತದೆ. ಮುಂದಿನ ಹಲ್ಲುಗಳಂತೆ ಅದು ಯಾವುದನ್ನೂ ಬೀಳಿಸಿ ಅದರ ಜಾಗಕ್ಕೆ ಬರುವುದಿಲ್ಲವಾದ್ದರಿಂದ ಅದರ ಬರವು ಯಾರಿಗೂ ಗೊತ್ತಾಗುವುದಿಲ್ಲ. ಆ ಹಲ್ಲಿನ ತಲೆಭಾಗ ಗಟ್ಟಿಯಾಗಲು ಆರಂಭಿಸುವುದು ಮಗು ಹುಟ್ಟುವ ಹೊತ್ತಿನಲ್ಲಿ. ಮೂರನೆಯ ವಯಸ್ಸಿನೊಳಗೆ ಅದು ವಸಡಿನೊಳಗೇ ಪೂರ್ತಿ ರೂಪುಗೊಂಡಿರುತ್ತದೆ. ಹೊರಗೆ ಬಂದ ಮೇಲೂ ಅದರ ಬೇರು ಬೆಳೆಯುತ್ತಲೇ ಇದ್ದು, ಒಂಬತ್ತು ಹತ್ತನೆಯ ವಯಸ್ಸಿಗೆ ಅದರ ತುದಿ ಕೂಡಿಕೊಳ್ಳುತ್ತದೆ. ಹೊಸದಾಗಿ ಬಾಯಿಗೆ ಬಂದ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಇನ್ನೂ ಪಕ್ವವಾಗಿರುವುದಿಲ್ಲ. ಎಂಜಲಿನಲ್ಲಿರುವ ಖನಿಜಗಳನ್ನು ಹೀರಿಕೊಂಡು ಅದು ಪೂರ್ತಿ ಗಟ್ಟಿಯಾಗಲು ಕಾಲ ಬೇಕು. ಹುಳುಕು ಹಿಡಿಯುವ ಅಪಾಯ ಅತ್ಯಂತ ಹೆಚ್ಚಿರುವುದು ಈ ಮೊದಲ ಎರಡು ಮೂರು ವರ್ಷಗಳಲ್ಲಿಯೇ. ಮಗು ತಾನಾಗಿ ಹಲ್ಲುಜ್ಜಿಕೊಳ್ಳುತ್ತದೆಂದು ನಾವು ಕೈಬಿಡುವ ವಯಸ್ಸೂ, ಶಾಲೆಯ ಡಬ್ಬಿಯೊಳಗೆ ಬಿಸ್ಕತ್ತು ಸೇರುವ ವಯಸ್ಸೂ ಸರಿಯಾಗಿ ಅದೇ.

ವೈದ್ಯರು ಮಗಳ ಹಲ್ಲಿನ ಚಿತ್ರವನ್ನು ದೊಡ್ಡದು ಮಾಡಿ ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದರು. ಹೊರಗಿನಿಂದ ನುಣುಪಾಗಿ ಕಾಣುವ ದವಡೆಹಲ್ಲಿನ ಅಗಿಯುವ ಮೈ, ಹತ್ತಿರದಿಂದ ನೋಡಿದರೆ ನಮ್ಮ ಪಾವಗಡದ ಬೆಟ್ಟವನ್ನು ಮೇಲಿನಿಂದ ನೋಡಿದಂತೆ ಗುಡ್ಡಗಳೂ ಕೊರಕಲುಗಳೂ ಸೇರಿದ ಒರಟು ನೆಲ. ಆ ಕೊರಕಲುಗಳಲ್ಲಿ ಕೆಲವು ಮೇಲೆ ಕಿರಿದಾಗಿದ್ದು ಒಳಗೆ ಹೂಜಿಯಂತೆ ಅಗಲವಾಗಿರುತ್ತವೆ. ಅಂಥ ಬಿರುಕಿನ ಬಾಯಿ ಎಷ್ಟೋ ಸಲ ಬ್ರಷ್ಷಿನ ಒಂದು ಎಳೆಗಿಂತಲೂ ಕಿರಿದು. ಆದ್ದರಿಂದ ದಿನಕ್ಕೆ ಎರಡು ಹೊತ್ತಲ್ಲ, ನಾಲ್ಕು ಹೊತ್ತು ಉಜ್ಜಿದರೂ ಎಳೆಯ ತುದಿ ಅದರ ತಳವನ್ನು ಮುಟ್ಟಲಾರದು. ನಾನು ಅಲ್ಲಿಯವರೆಗೆ ಮಗಳು ಸರಿಯಾಗಿ ಉಜ್ಜುತ್ತಿರಲಿಲ್ಲವೆಂದು ಅವಳನ್ನೇ ಬೈಯುತ್ತಿದ್ದೆ. ಆ ಚಿತ್ರವನ್ನು ನೋಡಿದ ಮೇಲೆ ಬೈಯುವುದನ್ನು ನಿಲ್ಲಿಸಿದೆ.

ಹುಳುಕು ಆಗುವ ಬಗೆಯನ್ನೂ ಅವರೇ ವಿವರಿಸಿದರು. ನಮ್ಮೆಲ್ಲರ ಬಾಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು, ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತದೆ. ಹಲ್ಲಿನ ಮೇಲಿನ ಪಿಎಚ್, ಅಂದರೆ ಇಳಿದಷ್ಟೂ ಆಮ್ಲ ಹೆಚ್ಚೆಂದು ತೋರಿಸುವ ಅಳತೆ, ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಇಳಿಯುತ್ತದೆ. ಎಂಜಲು ಅದನ್ನು ಮತ್ತೆ ಮೇಲೆತ್ತಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕಾಗುತ್ತದೆ. ಹೀಗಾಗಿ ಹಬ್ಬದ ದಿನ ಊಟದ ಜೊತೆಗೇ ಎರಡು ಹೋಳಿಗೆ ತಿನ್ನುವ ಮಗುವಿಗಿಂತ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಂದು ಬಿಸ್ಕತ್ತು ತಿನ್ನುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು. ಹಾಲಿನಲ್ಲೋ ಚಹಾದಲ್ಲೋ ಅದ್ದಿ ಮೆತ್ತಗಾದ ಬಿಸ್ಕತ್ತಿನ ಹಿಟ್ಟು ಆ ಕೊರಕಲಿನೊಳಗೆ ಸಿಮೆಂಟಿನಂತೆ ಕೂತುಬಿಡುತ್ತದೆ. ಎನಾಮಲ್ ಒಮ್ಮೆ ಕುಸಿದು ಕುಳಿ ಬಿದ್ದರೆ ಗಾಯ ಮಾಯ್ದಂತೆ ಮಾಯುವುದಿಲ್ಲ, ಏಕೆಂದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ.

ಮಗಳ ಹಲ್ಲಿಗೆ ಏನಾಯಿತೆಂಬುದನ್ನು ಚುಟುಕಾಗಿ ಹೇಳುತ್ತೇನೆ. ಮೇಲೆ ಕಂಡದ್ದು ಸಾಸಿವೆಯಷ್ಟು ಕಪ್ಪು ಚುಕ್ಕೆ. ಒಳಗೆ ಎನಾಮಲ್ಲಿನ ಕೆಳಗಿನ ಡೆಂಟಿನ್ ಎಂಬ ಪದರವನ್ನು ಕೊರೆದು ಹುಳುಕು ನರದ ಹತ್ತಿರಕ್ಕೆ ಹೋಗಿತ್ತು. ಬೇರಿನ ತುದಿ ಇನ್ನೂ ಕೂಡಿಕೊಂಡಿರದಿದ್ದ ಕಾರಣ ದೊಡ್ಡವರಿಗೆ ಮಾಡುವಂಥ ರೂಟ್ ಕೆನಾಲ್ ಮಾಡುವಂತಿರಲಿಲ್ಲ. ನರದ ಮೇಲ್ಭಾಗವನ್ನಷ್ಟೇ ತೆಗೆದು, ಉಳಿದದ್ದರ ಮೇಲೆ ಔಷಧಿಯಿಟ್ಟು, ಬೇರು ಬೆಳೆಯುವವರೆಗೆ ಕಾದು, ಸ್ಟೀಲಿನ ಕ್ಯಾಪ್ ಹಾಕಿದರು. ಐದು ಭೇಟಿಗಳು, ಎರಡು ಎಕ್ಸ್-ರೇ, ಪ್ರತಿಸಲವೂ ಇಂಜೆಕ್ಷನ್ನಿಗೆ ಮೊದಲು ಬಿಗಿಹಿಡಿಯುತ್ತಿದ್ದ ನನ್ನ ಕೈ. ದೊಡ್ಡವಳಾದ ಮೇಲೆ ಆ ಕ್ಯಾಪನ್ನು ಬದಲಿಸಬೇಕು. ಕೊನೆಯ ಭೇಟಿಯಲ್ಲಿ ವೈದ್ಯರು ಮಗಳ ತಮ್ಮನ ಬಗ್ಗೆ, "ಚಿಕ್ಕವನಿಗೆ ಆರು ತುಂಬಿದ ಮೇಲೆ ಒಮ್ಮೆ ಕರೆತನ್ನಿ, ಅವನಿಗೆ ಸೀಲೆಂಟ್ ಹಾಕೋಣ" ಎಂದರು. ಆ ಪದವನ್ನು ನಾನು ಕೇಳಿದ್ದು ಅಂದೇ ಮೊದಲು.

ಸೀಲೆಂಟ್ ಎಂದರೆ ದವಡೆಹಲ್ಲಿನ ಅಗಿಯುವ ಮೈಯ ಕೊರಕಲುಗಳಿಗೆ ತೆಳ್ಳಗೆ ಹರಿಸಿ ಗಟ್ಟಿಗೊಳಿಸುವ ಒಂದು ರಾಳದ ಲೇಪ. ಹುಳುಕು ಹಿಡಿಯುವುದಕ್ಕೆ ಮುಂಚೆಯೇ ಅದನ್ನು ಹಾಕಿ, ಆಹಾರವೂ ಬ್ಯಾಕ್ಟೀರಿಯಾವೂ ಹೋಗಿ ಕೂರುವ ಜಾಗವನ್ನೇ ಮುಚ್ಚುತ್ತಾರೆ. ಇಷ್ಟು ಸರಳವಾದ ವಿಷಯ ಹೊಳೆಯಲು ದಂತವೈದ್ಯರಿಗೆ ಅಷ್ಟು ಕಾಲ ಏಕೆ ಬೇಕಾಯಿತೆಂದು ನನಗೆ ಆಶ್ಚರ್ಯವಾಗಿತ್ತು. ಓದುತ್ತಾ ಹೋದಂತೆ ತಿಳಿದದ್ದೇನೆಂದರೆ, ಕೊರಕಲನ್ನು ಮುಚ್ಚಬೇಕೆಂಬ ಯೋಚನೆ ಹಳೆಯದೇ; ಆದರೆ ಒದ್ದೆಯಾದ ಬಾಯಲ್ಲಿ ಎನಾಮಲ್ಲಿಗೆ ಅಂಟಿಕೊಳ್ಳುವ ವಸ್ತುವೇ ಇರಲಿಲ್ಲ. ಅಮೆರಿಕದ ರೋಚೆಸ್ಟರ್ ನಗರದ ಮೈಕೆಲ್ ಬ್ಯುನೊಕೋರ್ ಎಂಬ ದಂತವಿಜ್ಞಾನಿ 1955ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಕೈಗಾರಿಕೆಗಳಲ್ಲಿ ಲೋಹದ ಮೇಲೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲವನ್ನು ಸವರುವ ಕ್ರಮವಿತ್ತು. ಅದೇ ಆಮ್ಲವನ್ನು ಅವರು ಹಲ್ಲಿನ ಮೇಲೆ ಸವರಿ ನೋಡಿದರು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಎನಾಮಲ್ಲಿನ ಮೇಲ್ಪದರದಲ್ಲಿ ಮೂಡಿ, ಅವುಗಳೊಳಗೆ ಇಳಿದ ರಾಳ ಬೇರು ಬಿಟ್ಟಂತೆ ಕಚ್ಚಿಕೊಂಡಿತು. ಗೋಡೆಗೆ ಗಾರೆ ಹಿಡಿಯಲೆಂದು ಗಾರೆಯವರು ಕಾಂಕ್ರೀಟಿನ ಮೈಯನ್ನು ಉಳಿಯಿಂದ ಕೊಚ್ಚಿ ಒರಟು ಮಾಡುವುದನ್ನು ನೋಡಿದವರಿಗೆ ಈ ತತ್ವ ಹೊಸದೆನಿಸದು.

ಆ ಬಳಿಕ 1960ರ ದಶಕದಲ್ಲಿ ಅಮೆರಿಕದ ಇನ್ನೊಬ್ಬ ದಂತವಿಜ್ಞಾನಿ ರಫೇಲ್ ಬೋವೆನ್ ರೂಪಿಸಿದ ಬಿಸ್-ಜಿಎಂಎ ಎಂಬ ರಾಳ ಇಂದಿನ ಬಿಳಿ ಫಿಲ್ಲಿಂಗುಗಳಿಗೂ ಸೀಲೆಂಟುಗಳಿಗೂ ತಳಹದಿಯಾಯಿತು. ಮಕ್ಕಳ ಹಲ್ಲಿನ ಕೊರಕಲಿಗೆ ಲೇಪ ಹಾಕಿದ ಮೊದಲ ವರದಿ 1967ರದು. ಆ ಪ್ರಯೋಗದಲ್ಲಿ ಬಳಸಿದ್ದು ನಮ್ಮ ಮನೆಗಳಲ್ಲಿ ಮುರಿದ ಆಟಿಕೆ ಅಂಟಿಸಲು ಇಟ್ಟುಕೊಂಡಿರುವ ಕ್ಷಣಾರ್ಧದ ಅಂಟಿನ ಜಾತಿಗೇ ಸೇರಿದ ವಸ್ತು. ಅದು ಬಾಯಲ್ಲಿ ಬಹುಕಾಲ ಬಾಳುವಂಥದ್ದಾಗಿರಲಿಲ್ಲ. 1970ರ ದಶಕದ ಆರಂಭದಲ್ಲಿ ನೇರಳಾತೀತ ಬೆಳಕಿನಿಂದ ಗಟ್ಟಿಯಾಗುವ ಸೀಲೆಂಟುಗಳು ಬಂದವು, ಆಮೇಲೆ ಅವುಗಳ ಜಾಗಕ್ಕೆ ಈಗಿನ ನೀಲಿ ಬೆಳಕಿನವು ಬಂದವು. ಅಂದರೆ ಇದು ಅರ್ಧ ಶತಮಾನಕ್ಕೂ ಹಳೆಯ ವಿದ್ಯೆ. ಅದು ನನ್ನವರೆಗೆ ತಲುಪಲು ನನ್ನ ಮಗಳ ಒಂದು ಹಲ್ಲು ಹಾಳಾಗಬೇಕಾಯಿತು.

ಇಲ್ಲಿ, ಹುಳುಕು ತಡೆಯಲೆಂದು ಹಲ್ಲಿನ ಪೇಸ್ಟಿಗೆ ಬೆರೆಸುವ ಫ್ಲೋರೈಡಿನ ವಿಷಯವನ್ನು ಎತ್ತಲೇಬೇಕು, ಏಕೆಂದರೆ ಪಾವಗಡದವರಿಗೆ ಆ ಹೆಸರು ಕೇಳಿದರೇ ಭಯ. ನಮ್ಮ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ; ಅದನ್ನು ಮೀರಿದ ನೀರನ್ನು ಕುಡಿದು ಬೆಳೆದ ನಮ್ಮ ತಂದೆಯ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು, ನಮ್ಮ ದೊಡ್ಡಪ್ಪನ ಮೊಣಕಾಲು ಬಾಗಿತ್ತು. ಹೀಗಿರುವಾಗ ಮಗಳಿಗೆ ಫ್ಲೋರೈಡ್ ಇಲ್ಲದ ಪೇಸ್ಟನ್ನೇ ಹುಡುಕಿ ತರುತ್ತಿದ್ದ ನನ್ನನ್ನು ತಪ್ಪಿತಸ್ಥಳೆನ್ನಲಾಗದು. ಆದರೆ ಆ ಕಂದು ಹಲ್ಲಿನ ಕತೆಗೆ ಇನ್ನೊಂದು ಮುಖವಿದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನವರ ಹಲ್ಲಿನ ಮೇಲೆ ಇಂಥದೇ ಕಲೆಗಳನ್ನು ಕಂಡು ವರ್ಷಾನುಗಟ್ಟಲೆ ಅದರ ಬೆನ್ನು ಹತ್ತಿದರು. ಕಲೆಯಾದ ಹಲ್ಲುಗಳಿಗೆ ಹುಳುಕು ಕಡಿಮೆಯೆಂಬುದನ್ನೂ ಅವರು ಗಮನಿಸಿದರು. ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂಬುದು 1931ರಲ್ಲಿ ಗೊತ್ತಾಯಿತು. 1945ರಲ್ಲಿ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸತೊಡಗಿತು. ನಮ್ಮೂರಿನಲ್ಲಿ ತೆಗೆಯಲು ಹೆಣಗುತ್ತಿರುವುದನ್ನು ಅಲ್ಲಿ ದುಡ್ಡು ಕೊಟ್ಟು ಹಾಕುತ್ತಾರೆಂದು ತಂದೆಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕಿದ್ದರು.

ವೈದ್ಯರು ಬಿಡಿಸಿ ಹೇಳಿದ ಎರಡು ಸಂಗತಿಗಳು ನನ್ನ ಗೊಂದಲವನ್ನು ಕಳೆದವು. ಮೊದಲನೆಯದು, ಹಲ್ಲಿನ ಮೇಲೆ ಕಲೆ ಬೀಳುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ. ಹೊರಗೆ ಬಂದ ಹಲ್ಲಿಗೆ ಪೇಸ್ಟ್ ಸವರಿ ಉಗುಳುವುದರಿಂದ ಕಲೆಯಾಗದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು; ಜಾಹೀರಾತುಗಳಲ್ಲಿ ಬ್ರಷ್ಷಿನುದ್ದಕ್ಕೂ ಹಾವಿನಂತೆ ಸುತ್ತಿದ ಪೇಸ್ಟನ್ನು ತೋರಿಸುವುದು ಮಾರುವವರ ಅನುಕೂಲಕ್ಕೆ. ಎರಡನೆಯ ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು. ಫ್ಲೋರೈಡ್ ಚೆನ್ನಾಗಿ ಕಾಪಾಡುವುದು ಹಲ್ಲಿನ ನುಣುಪಾದ ಪಕ್ಕಗಳನ್ನು. ಕೊರಕಲಿನ ತಳದಲ್ಲಿ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಫ್ಲೋರೈಡ್ ಪೇಸ್ಟ್ ಬಳಸುವ ಮಕ್ಕಳಲ್ಲಿಯೂ ಉಳಿದುಕೊಂಡ ಹುಳುಕಿನ ಬಹುಪಾಲು ದವಡೆಹಲ್ಲಿನ ಕೊರಕಲಿನಲ್ಲಿ ಕಾಣಿಸುವುದು ಇದೇ ಕಾರಣಕ್ಕೆ. ಒಂದು ಕಡೆಯ ಬಾಗಿಲನ್ನು ಪೇಸ್ಟ್ ಕಾಯುತ್ತದೆ, ಇನ್ನೊಂದು ಕಡೆಯದನ್ನು ಸೀಲೆಂಟ್ ಕಾಯಬೇಕು.

ಮಗನಿಗೆ ಆರೂವರೆ ತುಂಬಿದಾಗ ಅವನನ್ನು ಕರೆದೊಯ್ದೆವು. ಅಕ್ಕನ ಇಂಜೆಕ್ಷನ್ನಿನ ಕತೆಗಳನ್ನು ಬಣ್ಣ ಕಟ್ಟಿ ಕೇಳಿಸಿಕೊಂಡಿದ್ದ ಅವನು ಕುರ್ಚಿಯ ಮೇಲೆ ಕೂರುವುದಕ್ಕೇ ಒಪ್ಪಲಿಲ್ಲ. ಸೂಜಿಯಿಲ್ಲ, ಕೊರೆಯುವ ಯಂತ್ರವಿಲ್ಲ ಎಂದು ವೈದ್ಯರು ತಮ್ಮ ತಟ್ಟೆಯಲ್ಲಿದ್ದ ಒಂದೊಂದು ವಸ್ತುವನ್ನೂ ಎತ್ತಿ ತೋರಿಸಿದ ಮೇಲೆ ಕೂತನು. ಮೊದಲು ಸಣ್ಣ ಬ್ರಷ್ಷಿನಿಂದ ಹಲ್ಲಿನ ಮೈಯನ್ನು ತೊಳೆದರು. ಕೆನ್ನೆಗೂ ಹಲ್ಲಿಗೂ ನಡುವೆ, ನಾಲಿಗೆಗೂ ಹಲ್ಲಿಗೂ ನಡುವೆ ಹತ್ತಿಯ ಸುರುಳಿಗಳನ್ನಿಟ್ಟು, ಎಂಜಲು ಎಳೆಯುವ ಕೊಳವೆಯನ್ನು ತುಟಿಯ ಅಂಚಿಗೆ ಸಿಕ್ಕಿಸಿದರು. ಬಳಿಕ ನೀಲಿ ಬಣ್ಣದ ಆಮ್ಲದ ಜೆಲ್ಲನ್ನು ಹಚ್ಚಿ ಸುಮಾರು ಅರ್ಧ ನಿಮಿಷ ಬಿಟ್ಟು ತೊಳೆದರು. ಗಾಳಿ ಊದಿ ಒಣಗಿಸಿದಾಗ, ಹೊಳೆಯುತ್ತಿದ್ದ ಹಲ್ಲು ಸುಣ್ಣ ಬಳಿದಂತೆ ಬೆಳ್ಳಗೆ ಮಂಕಾಗಿ ಕಂಡಿತು. ಹಾಗೆ ಕಂಡರೆ ಮಾತ್ರ ಲೇಪ ಹಿಡಿಯುತ್ತದೆ, ಇಲ್ಲವಾದರೆ ಮತ್ತೊಮ್ಮೆ ಆಮ್ಲ ಹಚ್ಚಬೇಕು ಎಂದು ನನಗೆ ತೋರಿಸಿದರು. ಮಗು ಬೆಳೆದದ್ದು ಪಾವಗಡದಲ್ಲೋ ತುಮಕೂರಿನಲ್ಲೋ ಎಂದು ಅವರು ಮೊದಲೇ ಕೇಳಿದ್ದರ ಕಾರಣವೂ ಆಗ ತಿಳಿಯಿತು: ಫ್ಲೋರೋಸಿಸ್ ಆದ, ಅಂದರೆ ಹೆಚ್ಚು ಫ್ಲೋರೈಡಿನಿಂದ ಕಲೆಯಾದ, ಎನಾಮಲ್ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲವಾದ್ದರಿಂದ ಅಂಥ ಹಲ್ಲಿಗೆ ಹೆಚ್ಚು ಹೊತ್ತು ಬಿಡಬೇಕಾಗುತ್ತದೆ.

ಇಡೀ ಕೆಲಸದ ಯಶಸ್ಸು ನಿಂತಿರುವುದು ಮುಂದಿನ ಒಂದು ನಿಮಿಷದ ಮೇಲೆ. ಒಣಗಿದ ಹಲ್ಲಿಗೆ ಒಂದು ಹನಿ ಎಂಜಲು ತಾಕಿದರೂ ಆಮ್ಲ ತೆರೆದ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗಿ, ಮೇಲೆ ಹಾಕಿದ ಲೇಪ ಕೆಲವೇ ತಿಂಗಳಲ್ಲಿ ಕಿತ್ತುಬರುತ್ತದೆ. ಸೀಲೆಂಟ್ ನಿಲ್ಲಲಿಲ್ಲವೆಂದು ದೂರುವವರ ಅನುಭವದ ಹಿಂದೆ ಹೆಚ್ಚಾಗಿ ಇರುವುದು ಇದೇ ಕಾರಣ. ನನ್ನ ಮಗ ಕೆಳಗಿನ ಎಡ ಹಲ್ಲಿಗೆ ಗಾಳಿ ಊದುವಾಗ ನಾಲಿಗೆಯಿಂದ ಅದನ್ನು ಮುಟ್ಟಿ ನೋಡಿಯೇಬಿಟ್ಟ. ವೈದ್ಯರು ಬೇಸರಿಸದೆ ಜೆಲ್ಲಿನಿಂದಲೇ ಮತ್ತೆ ಆರಂಭಿಸಿದರು. ಇದನ್ನು ನಾನು ವಿಶೇಷವಾಗಿ ಬರೆಯುತ್ತಿದ್ದೇನೆ, ಏಕೆಂದರೆ ವೈದ್ಯರನ್ನು ಆರಿಸುವಾಗ ನೋಡಬೇಕಾದದ್ದು ಕುರ್ಚಿಯ ಬೆಲೆಯನ್ನಲ್ಲ, ಈ ಮರು ಆರಂಭದ ತಾಳ್ಮೆಯನ್ನು. ಸೂಜಿಯಂಥ ತುದಿಯಿಂದ ದ್ರವವನ್ನು ಕೊರಕಲಿಗೆ ಹರಿಸಿ, ಗಾಳಿಗುಳ್ಳೆ ಉಳಿಯದಂತೆ ಮೆಲ್ಲಗೆ ಎಳೆದು, ನೀಲಿ ಬೆಳಕನ್ನು ಹಿಡಿದು ಇಪ್ಪತ್ತು ಎಣಿಸಿದರು; ಎಣಿಸುವ ಕೆಲಸವನ್ನು ಮಗನಿಗೇ ಕೊಟ್ಟಿದ್ದರಿಂದ ಅವನು ಬಾಯಿ ತೆರೆದುಕೊಂಡೇ ಬೆರಳು ಮಡಿಸುತ್ತಿದ್ದ. ಕೊನೆಯಲ್ಲಿ ಮೇಲ್ಮೈಯನ್ನು ಹತ್ತಿಯಿಂದ ಒರೆಸಿ, ಬಣ್ಣದ ಕಾಗದವನ್ನು ಕಚ್ಚಿಸಿ ಎಲ್ಲಾದರೂ ಎತ್ತರವಾಗಿದೆಯೇ ಎಂದು ನೋಡಿದರು. ಮೂರು ಹಲ್ಲುಗಳಿಗೆ ನಲವತ್ತು ನಿಮಿಷ ಹಿಡಿಯಿತು. ನಾವು ಕೊಟ್ಟದ್ದು ಹಲ್ಲಿಗೆ 700 ರೂಪಾಯಿಯಂತೆ. ಮಗಳ ಒಂದೇ ಹಲ್ಲಿಗೆ ಅದರ ಹಲವು ಪಾಲು ಹೋಗಿತ್ತು.

ನಾಲ್ಕನೆಯ ಹಲ್ಲು ಪೂರ್ತಿ ಹೊರಗೆ ಬಂದಿರಲಿಲ್ಲ. ಅದರ ಹಿಂಭಾಗದ ಮೇಲೆ ಇನ್ನೂ ವಸಡಿನ ಪದರವಿತ್ತು. ಹೀಗೆ ತೇವ ತಪ್ಪಿಸಲಾಗದ ಹಲ್ಲಿಗೆ ರಾಳದ ಲೇಪ ಹಿಡಿಯುವುದಿಲ್ಲವೆಂದು ಸದ್ಯಕ್ಕೆ ಗ್ಲಾಸ್ ಅಯನೊಮರ್ ಎಂಬ ಇನ್ನೊಂದು ವಸ್ತುವನ್ನು ಹಚ್ಚಿದರು. ಅದು ತೇವವನ್ನು ಸಹಿಸುತ್ತದೆ, ತಾನೇ ಸ್ವಲ್ಪ ಫ್ಲೋರೈಡನ್ನೂ ಬಿಡುತ್ತದೆ, ಆದರೆ ರಾಳದಷ್ಟು ಬಾಳಿಕೆ ಬರುವುದಿಲ್ಲ. ಆರು ತಿಂಗಳ ಬಳಿಕ ಅದರ ಬದಲಿಗೆ ಸರಿಯಾದ ಲೇಪ ಹಾಕಿಸಿದೆವು.

ನನಗಿದ್ದ ಸಂಶಯಗಳನ್ನೂ ಮುಚ್ಚಿಡುವುದಿಲ್ಲ. ಈ ರಾಳಗಳನ್ನು ತಯಾರಿಸುವಾಗ ಬಿಸ್ಫಿನಾಲ್-ಎ ಎಂಬ ರಾಸಾಯನಿಕವನ್ನು ಬಳಸುತ್ತಾರೆ. ಪ್ಲಾಸ್ಟಿಕ್ ಬಾಟಲಿಗಳ ವಿಷಯದಲ್ಲಿ ಆ ಹೆಸರನ್ನು ಕೇಳಿ ಹೆದರಿದವರಲ್ಲಿ ನಾನೂ ಒಬ್ಬಳು. ಸೀಲೆಂಟ್ ಹಾಕಿದ ಕೂಡಲೇ ಎಂಜಲಿನಲ್ಲಿ ಅದರ ಅತ್ಯಲ್ಪ ಅಂಶ ಕಾಣಿಸಬಹುದು, ಅದು ಬೇಗನೆ ಇಲ್ಲವಾಗುತ್ತದೆ. ಗಟ್ಟಿಯಾಗದೆ ಉಳಿದ ಮೇಲ್ಪದರವನ್ನು ಒರೆಸಿ ಬಾಯಿ ಮುಕ್ಕಳಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಹತ್ತಿಯಿಂದ ಒರೆಸಿದ್ದು ಆ ಕಾರಣಕ್ಕೇ. ನಮ್ಮ ಅತ್ತೆಯವರ ಪ್ರಶ್ನೆ ಬೇರೆಯದಾಗಿತ್ತು: "ಹುಳವನ್ನು ಒಳಗೇ ಇಟ್ಟು ಮುಚ್ಚಿದರೆ ಅದು ಒಳಗೊಳಗೇ ತಿನ್ನುವುದಿಲ್ಲವೇನಮ್ಮಾ?" ಪ್ರಶ್ನೆ ಸರಿಯಾಗಿಯೇ ಇತ್ತು. ಕುಳಿ ಬಿದ್ದ ಹಲ್ಲಿಗೆ ಫಿಲ್ಲಿಂಗೇ ಬೇಕು. ಆದರೆ ಎನಾಮಲ್ಲಿನಲ್ಲಿ ಈಗಷ್ಟೇ ಆರಂಭವಾಗಿ ಇನ್ನೂ ಕುಳಿಯಾಗದ ಹುಳುಕನ್ನು ಬಿಗಿಯಾಗಿ ಮುಚ್ಚಿದರೆ, ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಗದೆ ಅದು ಅಲ್ಲಿಗೇ ನಿಲ್ಲುತ್ತದೆ.

ಹುಳದ ಮಾತು ಬಂದದ್ದರಿಂದ ಹೇಳುತ್ತೇನೆ: ನಾನು ಚಿಕ್ಕವಳಿದ್ದಾಗ ಹಲ್ಲುನೋವಿಗೆ ನೆಲಗುಳ್ಳದ ಬೀಜದ ಹೊಗೆ ಕೊಡುವವರು ನಮ್ಮ ಊರಿನಲ್ಲಿದ್ದರು. ಕೆಂಡದ ಮೇಲೆ ಬೀಜ ಉದುರಿಸಿ, ಹೊಗೆಯನ್ನು ಕೊಳವೆಯಿಂದ ಬಾಯಿಗೆ ಬಿಟ್ಟು, ನೀರಿನ ಬಟ್ಟಲಿನಲ್ಲಿ ಬಿದ್ದ ಬೆಳ್ಳನೆಯ ಎಳೆಗಳನ್ನು ಹುಳಗಳೆಂದು ತೋರಿಸುತ್ತಿದ್ದರು. ಬಿಸಿಗೆ ಸಿಡಿದ ಬೀಜದೊಳಗಿನ ಸುರುಳಿಯಾದ ಮೊಳಕೆಯೇ ಆ ಹುಳ. ಹುಳುಕು ಎಂಬ ಪದದಲ್ಲಿಯೇ ಹುಳ ಇರುವುದರಿಂದ ಅದನ್ನು ನಂಬುವುದು ನಮಗೆ ಸುಲಭವಾಗಿತ್ತು.

ಸೀಲೆಂಟಿನಿಂದ ಎಷ್ಟು ಪ್ರಯೋಜನವೆಂಬುದಕ್ಕೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕೊಡುವ ಅಂಕಿಗಳು ಹೀಗಿವೆ: ಹಾಕಿದ ಮೇಲೆ ಎರಡು ವರ್ಷಗಳ ಕಾಲ ಶೇಕಡಾ 80ರಷ್ಟು ಹುಳುಕನ್ನೂ, ನಾಲ್ಕು ವರ್ಷಗಳವರೆಗೆ ಶೇಕಡಾ 50ರಷ್ಟನ್ನೂ ಅದು ತಡೆಯುತ್ತದೆ. ಈ ಇಳಿಕೆಗೆ ಮುಖ್ಯ ಕಾರಣ ಲೇಪ ಸವೆಯುವುದು, ಅಂಚು ಮುರಿಯುವುದು. ಆದ್ದರಿಂದ ಆರು ತಿಂಗಳಿಗೊಮ್ಮೆ ತೋರಿಸಿ, ಕಿತ್ತಲ್ಲಿ ಮತ್ತೆ ಹಾಕಿಸಬೇಕು. ಸೀಲೆಂಟೊಂದೇ ದಾರಿಯೆಂದು ಹೇಳಿದರೂ ತಪ್ಪಾಗುತ್ತದೆ. ಬ್ರಿಟನ್ನಿನ ಸೌತ್ ವೇಲ್ಸಿನಲ್ಲಿ ಆರೇಳು ವರ್ಷದ ಸಾವಿರದಷ್ಟು ಮಕ್ಕಳನ್ನು ಮೂರು ವರ್ಷ ಗಮನಿಸಿ ನಡೆಸಿದ ಒಂದು ಅಧ್ಯಯನದಲ್ಲಿ, ಸೀಲೆಂಟ್ ಹಾಕಿದವರಿಗೂ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಬಳಿಯುವ ಫ್ಲೋರೈಡಿನ ಲೇಪ) ಹಚ್ಚಿದವರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಾಗಿದ್ದರೂ ನಾನು ಸೀಲೆಂಟನ್ನು ಆರಿಸಿದ್ದು ನನ್ನ ಸ್ವಭಾವವನ್ನು ನಾನು ಬಲ್ಲೆನಾದ್ದರಿಂದ. ಶಾಲೆಯಲ್ಲೇ ಬಂದು ಹಚ್ಚಿಹೋಗುವ ವ್ಯವಸ್ಥೆಯಿದ್ದರೆ ವಾರ್ನಿಷ್ ಅಗ್ಗ, ಸುಲಭ. ಅದಿಲ್ಲದೆ ನಾನೇ ನೆನಪಿಟ್ಟು ಮೂರು ವರ್ಷದಲ್ಲಿ ಆರು ಸಲ ಕರೆದೊಯ್ಯಬೇಕಾದರೆ ಮೂರನೆಯ ಸಲಕ್ಕೇ ತಪ್ಪುತ್ತಿದ್ದೆ. ತಪಾಸಣೆ ಒಂದೆರಡು ಸಲ ತಪ್ಪಿದರೂ ಲೇಪ ತನ್ನ ಪಾಡಿಗೆ ತಾನು ಅಲ್ಲಿರುತ್ತದೆ.

ಎರಡು ಹಲ್ಲುಗಳ ನಡುವಿನ ಸಂದಿಯನ್ನು ಸೀಲೆಂಟ್ ಕಾಯುವುದಿಲ್ಲ, ಆದ್ದರಿಂದ ಬ್ರಷ್ಷಿಗೆ ರಜೆಯಿಲ್ಲ. ರಾತ್ರಿ ಮಲಗುವ ಮೊದಲು ನಾನೇ ಮಗನ ಹಿಂದೆ ನಿಂತು, ಅವನ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡು ಉಜ್ಜುತ್ತೇನೆ. ಎಂಟು ವರ್ಷದವನಿಗೆ ಇದು ಅವಮಾನವೆನಿಸುತ್ತದೆಯಂತೆ, ಇರಲಿ.

ನನ್ನನ್ನು ಇನ್ನೂ ಕಾಡುವುದು ಬೇರೆ ವಿಷಯ. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದವರಲ್ಲಿಯೂ ಹನ್ನೆರಡು ವರ್ಷದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹುಳುಕು ಕಂಡುಬಂದಿತ್ತು. ನಮ್ಮ ರಾಜ್ಯದಲ್ಲಿ ದಂತವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ; ಬೆಂಗಳೂರಿನ ಸರ್ಕಾರಿ ಕಾಲೇಜಿನಿಂದ ಹಿಡಿದು ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡಗಳವರೆಗೆ ಇವೆ, ತುಮಕೂರಿನಲ್ಲಿಯೂ ಒಂದಿದೆ. ಇಂಥ ಕಾಲೇಜುಗಳ ಮಕ್ಕಳ ದಂತ ವಿಭಾಗದಲ್ಲಿ ಸೀಲೆಂಟ್ ಖಾಸಗಿ ದವಾಖಾನೆಗಿಂತ ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವಾಗ ನೋಡಬೇಕಾದವುಗಳ ಪಟ್ಟಿಯಲ್ಲಿ ಹಲ್ಲೂ ಸೇರಿದೆ. ಆದರೆ ನೋಡುವುದು ಬಹುಮಟ್ಟಿಗೆ ಹುಳುಕಾಗಿದೆಯೇ ಎಂದು. ಹುಳುಕಾಗದಿರಲಿ ಎಂದು ಒಂದನೆಯ ಎರಡನೆಯ ತರಗತಿಯಲ್ಲಿಯೇ ಲೇಪ ಹಾಕುವ ಕೆಲಸ ನಮ್ಮಲ್ಲಿ ವಾಡಿಕೆಯಾಗಿಲ್ಲ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡಲು ದಂತಭಾಗ್ಯ ಯೋಜನೆಯನ್ನು ತಂದದ್ದು ನಮ್ಮದೇ ರಾಜ್ಯ, ಅದು ಒಳ್ಳೆಯ ಯೋಜನೆಯೇ. ಅದೇ ಮನೆಯ ಮೊಮ್ಮಗುವಿನ ದವಡೆಹಲ್ಲಿಗೆ ಮುಕ್ಕಾಲು ಗಂಟೆ ಕೊಟ್ಟಿದ್ದರೆ ಅರವತ್ತು ವರ್ಷಗಳ ಬಳಿಕ ಆ ಪಂಕ್ತಿಯಲ್ಲಿ ಒಂದೆರಡು ಹಲ್ಲು ಕಡಿಮೆ ಸಾಕಾಗುತ್ತಿತ್ತು ಎಂದು ಮಾತ್ರ ನನಗೆ ಅನಿಸುತ್ತದೆ.

ಯೋಜನೆ ಬರುವವರೆಗೆ ಮನೆಯಲ್ಲಿ ಮಾಡಬಹುದಾದದ್ದಕ್ಕೆ ಖರ್ಚೇನೂ ಇಲ್ಲ. ಮಗುವಿನ ಐದೂವರೆ ವಯಸ್ಸಿನಿಂದ ತಿಂಗಳಿಗೊಮ್ಮೆ ಮೊಬೈಲಿನ ಟಾರ್ಚ್ ಹಿಡಿದು ಬಾಯಿಯ ಹಿಂಭಾಗವನ್ನು ನೋಡಬೇಕು. ಪ್ರತಿ ದವಡೆಯ ಪ್ರತಿ ಬದಿಯಲ್ಲಿಯೂ ಹಾಲುಹಲ್ಲುಗಳು ಐದು. ಮಧ್ಯದಿಂದ ಎಣಿಸುತ್ತಾ ಹೋಗಿ ಆರನೆಯದು ಕಂಡರೆ ಅದೇ ಈ ಹಲ್ಲು. ಅದರ ಪೂರ್ತಿ ಮೈ ವಸಡಿನಿಂದ ಹೊರಗೆ ಬಂದ ಕೂಡಲೇ ವೈದ್ಯರಲ್ಲಿಗೆ ಹೋಗಲು ಸರಿಯಾದ ಸಮಯ.

ಮಗಳಿಗೆ ಈಗ ಹನ್ನೆರಡು. ಎರಡನೆಯ ಶಾಶ್ವತ ದವಡೆಹಲ್ಲುಗಳು ಬರುವ ವಯಸ್ಸು. ಇವೂ ಯಾವ ಹಲ್ಲನ್ನೂ ಬೀಳಿಸದೆ ಬರುತ್ತವೆ. ಹೋದ ತಿಂಗಳು ಟಾರ್ಚಿನಲ್ಲಿ ನೋಡಿದಾಗ ಕೆಳಗಿನ ಎರಡೂ ಕಂಡವು. ಅವುಗಳಿಗೆ ಸೀಲೆಂಟ್ ಹಾಕಿಸಿದ್ದಾಯಿತು. ಅದೇ ದಿನ ಮಗನ ಬಲಗಡೆಯ ಮೇಲಿನ ಹಲ್ಲಿನಲ್ಲಿ ಅಂಚು ಮುರಿದಿದ್ದ ಲೇಪವನ್ನೂ ಸರಿಪಡಿಸಿದರು. ಮಗಳ ಮೇಲ್ದವಡೆಯ ಎರಡು ಇನ್ನೂ ವಸಡಿನೊಳಗಿವೆ, ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಬರೆದಿಡುವ ಪೆನ್ಸಿಲಿನಿಂದಲೇ, ಆ ದಿನಕ್ಕೊಂದು ಗುರುತು ಹಾಕಿಟ್ಟಿದ್ದೇನೆ.